ಕಡಲು ಬ್ಲಾಕ್ ಆಗುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಕಾರವಾರದಿಂದ ಉಳ್ಳಾಲದವರೆಗಿನ ಬೋಟ್ ಮಾಲೀಕರು, ತಾಂಡೇಲರು, ನಾಡದೋಣಿಯವರು, ಮೀನು ಮಾರುವ ಮತ್ತು ಒಣಗಿಸುವ ಹೆಂಗಸರು, ಸಹಕಾರ ಸಂಘದ ಪದಾಧಿಕಾರಿಗಳು ಓದಬೇಕಾದ ಸೂಚನೆ. ಓದಿದ ಮೇಲೆ ಬಂದರಿನ ಬೋರ್ಡಿಗೆ ಅಂಟಿಸಿ.

ಪರಿಸ್ಥಿತಿ

ನಮ್ಮ ಕರಾವಳಿಯ ಹೊರಗಿನ ಕಡಲತಳ ಸರ್ಕಾರದ ತೈಲ ನಕ್ಷೆಯಲ್ಲಿ ಕೇರಳ-ಕೊಂಕಣ ಬೇಸಿನ್‌ಗೆ ಸೇರಿದೆ. 2016ರ ಹೈಡ್ರೋಕಾರ್ಬನ್ ನೀತಿ ಮತ್ತು 2017ರ ಜೂನ್‌ನಲ್ಲಿ ಶುರುವಾದ ಮುಕ್ತ ಬ್ಲಾಕ್ ಪದ್ಧತಿಯ ಪ್ರಕಾರ ಕಂಪನಿಯೇ ನಕ್ಷೆಯ ಮೇಲೆ ಚೌಕ, ಅಂದರೆ ಬ್ಲಾಕ್, ಎಳೆದು ‘ಈ ಜಾಗ ಬೇಕು’ ಎನ್ನಬಹುದು. ಆಮೇಲೆ ಅದನ್ನು ಹರಾಜಿಗೆ ಇಡುತ್ತಾರೆ. ಚೌಕ ಎಳೆಯುವಾಗ ಮೀನುಗಾರನನ್ನು ಕೇಳುವ ಹಂತವೇ ಇಲ್ಲ.

ಕಂಪನಿಗೆ ಸರ್ಕಾರದ ಬೆಂಬಲ ಎಷ್ಟೆಂದು ತಿಳಿದಿರಲಿ. ಆಳವಿಲ್ಲದ ಕಡಲಿಗೆ ರಾಯಧನ ಶೇ 7.5. ಆಳದ ಕಡಲಿಗೆ ಮೊದಲ 7 ವರ್ಷ ರಾಯಧನವೇ ಇಲ್ಲ, ಆಮೇಲೆ ಶೇ 5. ಅತಿ ಆಳಕ್ಕೂ 7 ವರ್ಷ ವಿನಾಯಿತಿ, ಆಮೇಲೆ ಶೇ 2. 2019ರ ಫೆಬ್ರವರಿಯ ಬದಲಾವಣೆಯ ನಂತರ ಕೇರಳ-ಕೊಂಕಣದಂಥ ಮೂರನೇ ವರ್ಗದ ಬೇಸಿನ್‌ಗಳಲ್ಲಿ, ಭಾರೀ ಲಾಭ ಒಮ್ಮೆಲೇ ಬಂದ ಸಂದರ್ಭ ಬಿಟ್ಟರೆ, ಸರ್ಕಾರ ಆದಾಯದ ಪಾಲು ಕೇಳುವುದಿಲ್ಲ. ಹೆಚ್ಚು ಸರ್ವೆ, ಹೆಚ್ಚು ಬಾವಿ ಮಾಡುತ್ತೇವೆಂದು ಒಪ್ಪಿಕೊಂಡವರಿಗೆ ಬ್ಲಾಕ್ ಸಿಗುತ್ತದೆ. ಹೆಚ್ಚು ಕೊರೆಯುವ ಮಾತು ಕೊಟ್ಟವರೇ ಗೆಲ್ಲುವ ಹರಾಜು ಇದು. ಮೊದಲು ನಿಷೇಧವಿದ್ದ ಕಡಲ ಪ್ರದೇಶದಲ್ಲಿ ಸುಮಾರು ಶೇ 99ರಷ್ಟನ್ನು ತೆರೆದಿದ್ದೇವೆ ಎಂದು ಸರ್ಕಾರವೇ ಹೇಳಿದೆ. 2025ರಲ್ಲಿ ತಿದ್ದಿದ ತೈಲಕ್ಷೇತ್ರ ಕಾಯ್ದೆ ನಿಯಮ ಮುರಿದವರಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು 25 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಉಲ್ಲಂಘನೆ ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಅದೇ ವರ್ಷ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಆಳ ಕಡಲ ಶೋಧನೆಯ ರಾಷ್ಟ್ರೀಯ ಕಾರ್ಯಕ್ರಮವೂ ಘೋಷಣೆಯಾಯಿತು.

ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು ಎಂಬುದು ಸರ್ಕಾರದ ಕಾರಣ. ಅದು ಸುಳ್ಳಲ್ಲ, ನಮ್ಮ ಬೋಟೂ ಓಡುವುದು ಡೀಸೆಲ್ ಮೇಲೆ. ಆದರೆ ರಿಯಾಯಿತಿಯ ಲೆಕ್ಕ ಹಾಕುವಾಗ ಅದೇ ನೀರಿನಲ್ಲಿ ಬಲೆ ಬಿಡುವವನ ನಷ್ಟ ಯಾವ ಕಾಲಂನಲ್ಲೂ ಇಲ್ಲ. ಆ ಕಾಲಂ ತುಂಬಿಸುವ ಕೆಲಸ ನಮ್ಮದೇ.

ತಪ್ಪಿದರೆ ಆಗುವುದು

ನೀವು ಮೀನು ಹಿಡಿಯುವ ಜಾಗ ಗುತ್ತಿಗೆ ಕಾಗದದಲ್ಲಿ ಖಾಲಿ ನೀರೆಂದು ದಾಖಲಾಗುತ್ತದೆ. ಸರ್ವೆ ಹಡಗು ಬಂದ ದಿನ ಬಲೆ ಹೋಗುತ್ತದೆ. ಎಣ್ಣೆ ಸೋರಿದ ವರ್ಷ ಋತು ಹೋಗುತ್ತದೆ. ಪರಿಹಾರದ ಪಟ್ಟಿ ಬಂದಾಗ ನಿಮ್ಮ ಹೆಸರು ಇರುವುದಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಮಾಡಬೇಕಾದ್ದು

ಈ ವಾರವೇ

• ಜಿಪಿಎಸ್ ಪ್ಲಾಟರ್‌ನ ಟ್ರ್ಯಾಕ್ ಅಳಿಸಿಹೋಗುವ ಮೊದಲು ಪೆನ್‌ಡ್ರೈವ್‌ಗೆ ಇಳಿಸಿ.

• ಪ್ರತಿ ಟ್ರಿಪ್‌ಗೆ ಒಂದು ಪುಟ ಬರೆಯಿರಿ. ದಿನಾಂಕ, ಬಲೆ ಬಿಟ್ಟ ಜಾಗದ ಅಕ್ಷಾಂಶ-ರೇಖಾಂಶ, ನೀರಿನ ಆಳ, ಸಿಕ್ಕ ಮೀನು, ತೂಕ, ಸಿಕ್ಕ ದರ. ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್ ಬೇರೆ ಬೇರೆ ಇರಲಿ.

• ಹರಾಜು ಚೀಟಿ, ಐಸ್ ಚೀಟಿ, ಡೀಸೆಲ್ ಪಾಸ್‌ಬುಕ್ ಒಂದೇ ಕವರಿನಲ್ಲಿಡಿ. ಪ್ರತಿಯೊಂದರ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ.

• ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಳಿಸುವ ‘ಮೀನು ಸಿಗುವ ವಲಯ’ ಸೂಚನೆಗಳನ್ನು ಅಳಿಸದೆ ಉಳಿಸಿ. ‘ಇಲ್ಲಿ ಮೀನಿದೆ, ಹೋಗಿ’ ಎಂದು ಸರ್ಕಾರವೇ ನಿಮ್ಮನ್ನು ಕಳಿಸಿದ ಲಿಖಿತ ಪುರಾವೆ ಅದು. ನಾಳೆ ಅದೇ ಜಾಗ ಬ್ಲಾಕ್‌ನೊಳಗೆ ಬಂದರೆ ಇದಕ್ಕಿಂತ ಗಟ್ಟಿ ಕಾಗದ ನಿಮ್ಮ ಕೈಯಲ್ಲಿ ಇನ್ನೊಂದಿಲ್ಲ.

• ದೋಣಿಯ ನೋಂದಣಿ, ಮೀನುಗಾರಿಕೆ ಪರವಾನಗಿ, ವಿಮೆ ಚಾಲ್ತಿಯಲ್ಲಿವೆಯೇ ನೋಡಿ. ಅವಧಿ ಮುಗಿದಿದ್ದರೆ ಈಗಲೇ ನವೀಕರಿಸಿ. ನೋಂದಣಿ ಇಲ್ಲದ ದೋಣಿಗೆ ಪರಿಹಾರದ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ.

• ಊರಿನ ಕಡಲ ನಕ್ಷೆ ಬರೆಸಿ. ಗುಡ್ಡದ ತಲೆ, ದೇವಸ್ಥಾನದ ಶಿಖರ, ಕಾಪುವಿನಂಥ ದೀಪಸ್ತಂಭ ಹಿಡಿದು ಜಾಗ ಗುರುತಿಸುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಕಲ್ಲು, ಕೆಸರು, ಮರಿ ಮೀನು ಸೇರುವ ಜಾಗ, ಯಾವ ತಿಂಗಳಲ್ಲಿ ಯಾವ ಮೀನು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಿ, ಜಿಪಿಎಸ್ ಅಂಕಿಗೆ ಹೊಂದಿಸಿ, ಸಂಘದ ಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಿ. ಈ ತಿಳಿವಳಿಕೆ ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಆ ಹಿರಿಯರ ಜೊತೆಗೇ ಅದೂ ಹೋಗಿಬಿಡುತ್ತದೆ. ಉಳಿದ ಯಾವುದನ್ನು ಬಿಟ್ಟರೂ ಇದನ್ನು ಬಿಡದಿರಿ.

• ಹೆಂಗಸರ ಲೆಕ್ಕವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಸಿ. ದಿನಕ್ಕೆ ಎಷ್ಟು ಬುಟ್ಟಿ ಕೊಂಡರು, ಯಾವ ಸಂತೆಯಲ್ಲಿ ಮಾರಿದರು, ಎಷ್ಟು ಒಣಗಿಸಿದರು, ಎಷ್ಟು ಉಳಿಯಿತು. ದೋಣಿಗೆ ನೋಂದಣಿ ಸಂಖ್ಯೆ ಇದೆ, ಬುಟ್ಟಿಗೆ ಇಲ್ಲ. ಅದಕ್ಕೇ ಬುಟ್ಟಿಯವರ ಹೆಸರು ಎಲ್ಲ ಪಟ್ಟಿಯಿಂದಲೂ ಬಿದ್ದುಹೋಗುತ್ತದೆ. ಸಂಘದ ಮೊಹರು ಹಾಕಿ ತಿಂಗಳಿಗೊಮ್ಮೆ ದೃಢಪಡಿಸಿ.

ಬ್ಲಾಕ್ ಸುದ್ದಿ ಕಿವಿಗೆ ಬಿದ್ದಾಗ

• ಯಾರ ಹತ್ತಿರ ಕೇಳಬೇಕೆಂದು ಮೊದಲು ತಿಳಿಯಿರಿ. ಸಂವಿಧಾನದ 297ನೇ ವಿಧಿಯ ಪ್ರಕಾರ ಕಡಲತಳದ ಸಂಪತ್ತು ಕೇಂದ್ರದ್ದು. ರಾಯಧನವೂ ಅಲ್ಲಿಗೇ ಹೋಗುತ್ತದೆ. ದಡದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ಮೀನುಗಾರಿಕೆ ಮಾತ್ರ ರಾಜ್ಯದ ಕೈಯಲ್ಲಿದೆ.

• ನೋಯ್ಡಾದಲ್ಲಿರುವ ಹೈಡ್ರೋಕಾರ್ಬನ್ ಮಹಾ ನಿರ್ದೇಶನಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ.

• ಅರ್ಜಿಯಲ್ಲಿ ಮೂರೇ ಪ್ರಶ್ನೆ ಕೇಳಿ: ಕರ್ನಾಟಕದ ಕರಾವಳಿಯ ಎದುರು ಯಾವುದಾದರೂ ಬ್ಲಾಕ್‌ಗೆ ಕಂಪನಿ ಆಸಕ್ತಿ ತೋರಿಸಿದೆಯೇ? ಅದರ ಮೂಲೆಗಳ ಅಕ್ಷಾಂಶ-ರೇಖಾಂಶವೇನು? ಸರ್ವೆ ಯಾವ ತಿಂಗಳಲ್ಲಿ?

• ಉತ್ತರ ಬಾರದಿದ್ದರೆ, ಅಥವಾ ವಾಣಿಜ್ಯ ಗುಟ್ಟು ಎಂದು ನಿರಾಕರಿಸಿದರೆ, 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

• ಬ್ಲಾಕ್‌ನ ಮೂಲೆಗಳು ಸಿಕ್ಕ ದಿನವೇ ಊರಿನ ಕಡಲ ನಕ್ಷೆಯ ಮೇಲೆ ಅವನ್ನು ಎಳೆಯಿರಿ. ಎಷ್ಟು ಜಾಗ ಒಳಗೆ ಬಂತು, ಎಷ್ಟು ದೋಣಿ ಅಲ್ಲಿಗೆ ಹೋಗುತ್ತವೆ, ಯಾವ ತಿಂಗಳು. ಅಂಕಿ ಬರೆಯಿರಿ.

• ಆಕ್ಷೇಪಣೆಯನ್ನು ಪೆಟ್ರೋಲಿಯಂ ಸಚಿವಾಲಯ, ಪರಿಸರ ಸಚಿವಾಲಯ, ರಾಜ್ಯ ಮೀನುಗಾರಿಕೆ ಇಲಾಖೆ, ಜಿಲ್ಲಾಧಿಕಾರಿ, ನಾಲ್ವರಿಗೂ ಕಳಿಸಿ. ಪ್ರತಿಯೊಂದಕ್ಕೂ ದಿನಾಂಕವಿರುವ ಸ್ವೀಕೃತಿ ಪಡೆಯಿರಿ.

• ಶೋಧನೆಯ ಹಂತದಲ್ಲೇ ಬರೆಯಿರಿ. ಪರಿಸರ ಸಚಿವಾಲಯದ 2020ರ ಜನವರಿ 16ರ ಅಧಿಸೂಚನೆ ತೈಲ-ಅನಿಲ ಶೋಧನೆಯನ್ನು ಕಡಲಲ್ಲೂ ನೆಲದಲ್ಲೂ ಬಿ-2 ವರ್ಗಕ್ಕೆ ಇಳಿಸಿತು. ಬಿ-2 ಎಂದರೆ ಸಾರ್ವಜನಿಕ ಆಲಿಕೆ ಇಲ್ಲ. ಶೋಧನೆಯ ಬಾವಿ ಕೊರೆಯುವವರೆಗೂ ಯಾರೂ ನಿಮ್ಮನ್ನು ಸಭೆಗೆ ಕರೆಯುವುದಿಲ್ಲ. ಕರೆಯುವುದು ಉತ್ಪಾದನೆಯ ಹಂತದಲ್ಲಿ. ಅಷ್ಟರಲ್ಲಿ ಬಾವಿಗೆ ಕೋಟಿಗಟ್ಟಲೆ ಹಣ ಸುರಿದಿರುತ್ತಾರೆ, ಹಿಂದೆ ಸರಿಯುವ ಮನಸ್ಸು ಯಾರಿಗೂ ಇರುವುದಿಲ್ಲ.

• ಪರಿಸರ ಅನುಮತಿಯ ಪರಿವೇಶ್ ಪೋರ್ಟಲ್ ಅನ್ನು ವಾರಕ್ಕೊಮ್ಮೆ ನೋಡಲು ಸಂಘದ ಒಬ್ಬ ಓದಿದ ಹುಡುಗ ಅಥವಾ ಹುಡುಗಿಯನ್ನು ನೇಮಿಸಿ. ಗೌರವಧನ ಕೊಡಿ, ಬಿಟ್ಟಿ ದುಡಿಸದಿರಿ.

• ಅನುಮತಿ ಆದೇಶ ಹೊರಬಿದ್ದರೆ ದಿನ ಎಣಿಸಿ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನೂ 60. ಅದರಾಚೆ ಬಾಗಿಲು ಮುಚ್ಚಿತು. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ.

ಸಾರ್ವಜನಿಕ ಆಲಿಕೆ ನಡೆದರೆ

• ಕನ್ನಡದ ಸಾರಾಂಶ ಕೇಳಿ ಪಡೆಯಿರಿ. ಸ್ಥಳೀಯ ಭಾಷೆಯ ಸಾರಾಂಶ ಕೊಡಬೇಕೆಂದು ಪರಿಸರ ಅನುಮತಿಯ 2006ರ ಅಧಿಸೂಚನೆಯಲ್ಲೇ ಇದೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆಯೂ ಬರಬೇಕು.

• ಭಾಷೆಯ ಲೋಪ ಕಂಡರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಿರಿ. ದಕ್ಷಿಣ ಆಫ್ರಿಕಾದ ವೈಲ್ಡ್ ಕೋಸ್ಟ್ ತೀರದಲ್ಲಿ ತೈಲ ಹುಡುಕುವ ಶೆಲ್ ಕಂಪನಿಯ ಭೂಕಂಪನ ಸರ್ವೆಯನ್ನು 2021ರ ಡಿಸೆಂಬರ್ 28ರಂದು ನ್ಯಾಯಾಲಯ ತಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಶೋಧನೆಯ ಹಕ್ಕನ್ನೇ ರದ್ದು ಮಾಡಿತು. ಪ್ರಕಟಣೆಗಳು ಬಂದದ್ದು ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಪತ್ರಿಕೆಗಳಲ್ಲಿ. ತೀರದ ಜನ ಆಡುವ ಮಾತು ಷೋಸಾ. ಸರಿಯಾಗಿ ಜನರನ್ನು ಕೇಳಲಿಲ್ಲ ಎಂಬುದೇ ಆ ತೀರ್ಪಿನ ಬುನಾದಿ. ಮೇಲಿನ ನ್ಯಾಯಾಲಯ 2024ರಲ್ಲಿ ಆ ಹಕ್ಕು ಅಸಿಂಧು ಎಂಬುದನ್ನು ಎತ್ತಿಹಿಡಿದರೂ ಕಂಪನಿಗೆ ನವೀಕರಣದ ದಾರಿ ಬಿಟ್ಟುಕೊಟ್ಟಿತು. ಗೆದ್ದ ಮೇಲೂ ಕಡತವನ್ನು ಕಾಯಲೇಬೇಕು.

• ಮಾತಾಡುವ ಮೊದಲು ಹೆಸರು, ಊರು, ದೋಣಿಯ ನೋಂದಣಿ ಸಂಖ್ಯೆ ಹೇಳಿ. ಮಾತಾಡಿದ್ದನ್ನು ಬರಹದಲ್ಲೂ ಕೊಡಿ.

• ಸಭೆಯ ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಲು ಒತ್ತಾಯಿಸಿ. ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಿ.

ಸರ್ವೆ ಹಡಗು ಬಂದಾಗ

• ಹಡಗಿನ ಹಿಂದೆ ಏನಿದೆ ಎಂದು ಎಲ್ಲ ತಾಂಡೇಲರಿಗೂ ತಿಳಿಸಿ. ಗಾಳಿಯ ಒತ್ತಡದಿಂದ ಸಿಡಿಯುವ ಏರ್‌ಗನ್‌ಗಳು, ಅವುಗಳ ಹಿಂದೆ ಹಲವು ಕಿಲೋಮೀಟರ್ ಉದ್ದದ ಕೇಬಲ್‌ಗಳು. ವೇಗ 4ರಿಂದ 5 ನಾಟ್. ಆ ಹಡಗು ತಟ್ಟನೆ ನಿಲ್ಲಲಾರದು, ತಿರುಗಲಾರದು. ಬಿಟ್ಟ ಬಲೆ ಅದರ ದಾರಿಯಲ್ಲಿದ್ದರೆ ಉಳಿಯುವುದಿಲ್ಲ.

• ಸರ್ವೆಯ ದಿನಾಂಕ ಮತ್ತು ಮಾರ್ಗವನ್ನು ಕನ್ನಡದಲ್ಲಿ, ಒಂದು ತಿಂಗಳು ಮೊದಲೇ, ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರ ಬಂದರುಗಳ ಬೋರ್ಡಿಗೆ ಹಾಕಿಸಿ. ನಾವಿಕರಿಗೆ ಹೊರಡಿಸುವ ಎಚ್ಚರಿಕೆ ಇಂಗ್ಲಿಷ್‌ನಲ್ಲಿ ಬರುತ್ತದೆ. ಅದನ್ನು ಕನ್ನಡ, ತುಳು, ಕೊಂಕಣಿಯಲ್ಲಿ ಮೈಕಿನಲ್ಲಿ ಓದಿಸಿ.

• ವಿಎಚ್‌ಎಫ್ 16ನೇ ಚಾನೆಲ್ ತೆರೆದಿಡಿ.

• ಸರ್ವೆ ಹಡಗಿನ ಜೊತೆ ಬರುವ ಕಾವಲು ದೋಣಿಯಲ್ಲಿ ನಮ್ಮ ಭಾಷೆ ಬಲ್ಲವರೊಬ್ಬರು ಇರಲೇಬೇಕೆಂದು ಸಂಘದಿಂದ ಬರೆದು ಕೇಳಿ.

• ಸರ್ವೆಯ ಎರಡು ವಾರ ಮೊದಲು, ಸರ್ವೆಯ ದಿನಗಳಲ್ಲಿ, ಮುಗಿದ ಎರಡು ವಾರ ನಂತರ, ಮೂರೂ ಅವಧಿಯ ಹಿಡಿತದ ತೂಕ ಬರೆಯಿರಿ. ನಾರ್ವೆಯ ವಿಜ್ಞಾನಿಗಳು ಬ್ಯಾರೆಂಟ್ಸ್ ಸಮುದ್ರದಲ್ಲಿ ಇದನ್ನೇ ಮಾಡಿದರು. ಏರ್‌ಗನ್ ಸಿಡಿದ ಮೇಲೆ ಕಾಡ್, ಹ್ಯಾಡಕ್ ಮೀನಿನ ಟ್ರಾಲ್ ಹಿಡಿತ ಸುಮಾರು ಅರ್ಧಕ್ಕೆ ಇಳಿಯಿತೆಂದು 1996ರಲ್ಲಿ ಪ್ರಕಟಿಸಿದರು. ಸಿಡಿತ ನಿಂತು ಐದು ದಿನವಾದರೂ ಹಿಡಿತ ಮೇಲೇಳಲಿಲ್ಲ. ನಮ್ಮ ಬಂಗುಡೆ, ಬೂತಾಯಿಯ ಅಂಕಿ ನಾವೇ ಬರೆಯಬೇಕು.

• ಋತುವಿನ ಮಾತನ್ನು ಗಟ್ಟಿಯಾಗಿ ಎತ್ತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಅದೇ ದಿನಗಳಲ್ಲಿ ಕಡಲು ಎದ್ದಿರುವುದರಿಂದ ಸರ್ವೆ ಹಡಗೂ ಕೆಲಸ ಮಾಡಲಾರದು. ಕಡಲು ಇಳಿದ ಮೇಲೆ ನಾವೂ ಹೊರಡುತ್ತೇವೆ, ಅವರೂ ಬರುತ್ತಾರೆ. ಹೀಗೆ ಸರ್ವೆ ನಮ್ಮ ದುಡಿಮೆಯ ತಿಂಗಳುಗಳ ಮೇಲೆಯೇ ಬೀಳುತ್ತದೆ. ಹಿಡಿತ ಹೆಚ್ಚಿರುವ ವಾರಗಳನ್ನು ಬಿಟ್ಟು ಸರ್ವೆ ಮಾಡಿ ಎಂದು ಅಂಕಿ ಮುಂದಿಟ್ಟು ಕೇಳಿ.

• ಕೆಲಸ ನಿಂತ ದಿನಗಳಿಗೆ ದಿನಗೂಲಿ ಲೆಕ್ಕದಲ್ಲಿ ಪರಿಹಾರ ಕೇಳಿ. ಇದು ಭಾರತದಲ್ಲೇ ನಡೆದಿದೆ. ಆಂಧ್ರದ ಕೋನಸೀಮಾ, ಕಾಕಿನಾಡ ಜಿಲ್ಲೆಗಳಲ್ಲಿ ಓಎನ್‌ಜಿಸಿ ಪೈಪ್‌ಲೈನ್ ಕಾಮಗಾರಿಯಿಂದ ದುಡಿಮೆ ಕಳೆದುಕೊಂಡ 23,458 ಮೀನುಗಾರ ಕುಟುಂಬಗಳಿಗೆ ತಿಂಗಳಿಗೆ 11,500 ರೂಪಾಯಿಯಂತೆ ಆರು ತಿಂಗಳ ಹಣ, ಒಟ್ಟು 161.86 ಕೋಟಿ, 2023ರ ನವೆಂಬರ್‌ನಲ್ಲಿ ಖಾತೆಗೆ ಬಂತು. ಈ ಅಂಕಿಯನ್ನು ಮನವಿಯಲ್ಲಿ ನಮೂದಿಸಿ.

ಎಣ್ಣೆ ಕಂಡ ದಿನ

• ಕೋಸ್ಟ್ ಗಾರ್ಡ್‌ಗೆ 1554ಕ್ಕೆ ಕರೆ ಮಾಡಿ. ಜಾಗ, ಸಮಯ, ಬಣ್ಣ, ಹರಡಿದ ಅಗಲ ಹೇಳಿ. ಕಡಲಲ್ಲಿ ಎಣ್ಣೆ ಸೋರಿದರೆ ದೇಶದಲ್ಲಿ ಸಮನ್ವಯದ ಹೊಣೆ ಅವರದು.

• ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ದೋಣಿಯನ್ನು ದೂರ ಒಯ್ಯಿರಿ. ಬೆಂಕಿ, ಬೀಡಿ, ಸ್ಟೌ ಆರಿಸಿ.

• ಬಲೆಯನ್ನು ಎಣ್ಣೆ ತಾಗುವ ಮೊದಲು ಎತ್ತಿ.

• ಶುಚಿಯಾದ ಗಾಜಿನ ಬಾಟಲಿಯಲ್ಲಿ ಎರಡು ಮಾದರಿ ತೆಗೆಯಿರಿ. ಚೀಟಿಯಲ್ಲಿ ದಿನಾಂಕ, ಗಂಟೆ, ಅಕ್ಷಾಂಶ-ರೇಖಾಂಶ ಬರೆದು ಇಬ್ಬರು ಸಹಿ ಹಾಕಿ. ಒಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದನ್ನು ಕತ್ತಲಲ್ಲಿ, ತಂಪಿನಲ್ಲಿ ಇಡಿ.

• ಎಣ್ಣೆ ಎಲ್ಲಿಂದ ಬಂತೆಂದು ದಿಕ್ಕು ಲೆಕ್ಕ ಹಾಕಿ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಗೋವಾ, ಕಾರವಾರದ ಮರಳಿಗೆ ಬಂದು ಬೀಳುವ ಡಾಂಬರಿನ ಉಂಡೆಗಳು ಎಷ್ಟೋ ಸಲ ಉತ್ತರದ ಕಡಲಿಂದ ಬಂದವು. ಬಾವಿ ಕೇರಳದ ಎದುರಿದ್ದರೂ ಚಳಿಗಾಲದ ಸೋರಿಕೆ ನಮ್ಮ ಅಳಿವೆಗೆ ಬರಬಹುದು.

• ನಷ್ಟದ ದಾವೆಯನ್ನು ಹಸಿರು ನ್ಯಾಯಮಂಡಳಿಗೆ 5 ವರ್ಷದೊಳಗೆ ಹಾಕಿ.

• ಕಾಗದಗಳನ್ನು ಹದಿನೈದು ವರ್ಷ ಕಾಪಾಡಿ. ಇದು ಅತಿಯಲ್ಲ. 2009ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಮೊಂಟಾರಾ ಬಾವಿ ಒಡೆದು 74 ದಿನ ಸೋರಿತು. ಎಣ್ಣೆ ಗಡಿ ದಾಟಿ ಇಂಡೋನೇಷ್ಯಾದ ಕಡಲಪಾಚಿ ಬೆಳೆಗಾರರ ತೀರಕ್ಕೆ ತಲುಪಿತು. 2016ರಲ್ಲಿ 15,000ಕ್ಕೂ ಹೆಚ್ಚು ಬೆಳೆಗಾರರ ಪರವಾಗಿ ದಾವೆ, 2021ರಲ್ಲಿ ತೀರ್ಪು, 2022ರ ನವೆಂಬರ್‌ನಲ್ಲಿ 19.25 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಇತ್ಯರ್ಥ. ಹದಿಮೂರು ವರ್ಷ. ಬೆಳೆ ಎಷ್ಟಿತ್ತು, ಎಷ್ಟು ಹೋಯಿತು ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಡುತ್ತಲೇ ಇರಬೇಕಾಯಿತು.

ಮಾಡಬಾರದ್ದು

• ರಿಗ್, ಪ್ಲಾಟ್‌ಫಾರ್ಮ್ ಯಾವುದೇ ಇರಲಿ, 500 ಮೀಟರ್ ಒಳಗೆ ದೋಣಿ ಒಯ್ಯುವುದು ಬೇಡ. ಅದರ ಕಾಲುಗಳ ಸುತ್ತ ಮೀನು ಸೇರುತ್ತದೆ, ರಾತ್ರಿ ದೀಪಕ್ಕೆ ಇನ್ನಷ್ಟು ಸೇರುತ್ತದೆ. ಆ ಆಸೆಗೆ ಬಲಿಯಾಗುವುದು ಬೇಡ. ಅದು ಕಾನೂನಿನ ಸುರಕ್ಷತಾ ವಲಯ. ದೋಣಿ ವಶವಾಗುತ್ತದೆ, ಜೈಲಿನವರೆಗೂ ಹೋಗಬಹುದು. 2005ರ ಜುಲೈ 27ರಂದು ಮುಂಬೈ ಹೈನಲ್ಲಿ ಸಹಾಯಕ್ಕೆ ಬಂದ ಹಡಗೇ ಅನಿಲದ ಕೊಳವೆಗೆ ತಾಗಿತು. ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಸುಟ್ಟು ಕುಸಿಯಿತು. 22 ಜನ ಸತ್ತರು.

• ಸರ್ವೆ ಕೇಬಲ್ ಕತ್ತರಿಸಬಾರದು. ಹಡಗಿಗೆ ಅಡ್ಡ ನಿಲ್ಲಬಾರದು. ಕಲ್ಲು ತೂರಬಾರದು. ನ್ಯಾಯ ನಮ್ಮ ಕಡೆ ಇದ್ದದ್ದು ಆ ಕ್ಷಣಕ್ಕೆ ಕೇಸಾಗಿ ನಮ್ಮ ಮೇಲೇ ತಿರುಗುತ್ತದೆ, ಜೀವಕ್ಕೂ ಅಪಾಯ.

• ಓದಲಾಗದ ಭಾಷೆಯ ಕಾಗದಕ್ಕೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡ.

• ‘ಸಂವಾದ ಸಭೆ’, ‘ಜಾಗೃತಿ ಶಿಬಿರ’ ಎಂದು ಕರೆದು ಹಾಜರಿ ಪುಸ್ತಕ ಮುಂದಿಟ್ಟರೆ, ಮೇಲೆ ಏನು ಬರೆದಿದೆ ಎಂದು ನೋಡದೆ ಸಹಿ ಬೇಡ. ಆ ಹಾಳೆ ನಾಳೆ ನಿಮ್ಮ ಒಪ್ಪಿಗೆಯ ದಾಖಲೆಯಾಗಿ ಎಲ್ಲೋ ಕಾಣಿಸಬಹುದು.

• ಸಾರ್ವಜನಿಕ ಆಲಿಕೆಯನ್ನು ಬಹಿಷ್ಕರಿಸುವುದು ಬೇಡ. ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ನಿಯಮ ಇಲ್ಲ. ನೀವು ಬರದಿದ್ದರೂ ಸಭೆ ನಡೆದಂತೆಯೇ. ‘ಯಾರೂ ಆಕ್ಷೇಪಿಸಲಿಲ್ಲ’ ಎಂಬ ಒಂದು ಸಾಲು ನಡಾವಳಿಯಲ್ಲಿ ಉಳಿಯುತ್ತದೆ. ಹೊರಗೆ ಘೋಷಣೆ ಕೂಗಲೇಬೇಕೆಂದಿದ್ದರೆ ಕೂಗಿ, ಒಳಗೆ ಹತ್ತು ಜನರನ್ನು ಕಾಗದದ ಸಮೇತ ಕೂರಿಸಿ.

• ಶಾಸಕರಿಗೊಂದು ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಸುಮ್ಮನಾಗಬಾರದು. ಬ್ಲಾಕ್ ಕೊಡುವ ಅಧಿಕಾರ ರಾಜ್ಯಕ್ಕಿಲ್ಲ. ಸಂಸದರ ಹತ್ತಿರವೂ ಹೋಗಿ, ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಿಸಿ, ಉತ್ತರದ ಪ್ರತಿ ಪಡೆಯಿರಿ.

• ಎರಡು ಕಾನೂನನ್ನು ಬೆರೆಸುವುದು ಬೇಡ. 2024ರ ನವೆಂಬರ್‌ನಲ್ಲಿ ಹರಾಜಿಗೆ ಬಂದ ಕೊಲ್ಲಂ ಕಡಲಿನ ಮರಳು ಬ್ಲಾಕ್‌ಗಳು ಗಣಿ ಸಚಿವಾಲಯದವು. ಕೇರಳದ ಮೀನುಗಾರರು 2025ರ ಫೆಬ್ರವರಿ 27ರಂದು ಕರಾವಳಿ ಬಂದ್ ಮಾಡಿದ್ದು ಅದರ ವಿರುದ್ಧ. ತೈಲ ಬ್ಲಾಕ್ ಪೆಟ್ರೋಲಿಯಂ ಸಚಿವಾಲಯದ್ದು. ತಪ್ಪು ಬಾಗಿಲಿಗೆ ಹೋದ ಅರ್ಜಿ ತಿರುಗಿ ಬರುವಷ್ಟರಲ್ಲಿ 30 ದಿನ ಮುಗಿದಿರುತ್ತದೆ.

• ಹಳೆಯ ನಕ್ಷೆ, ಸುಳ್ಳು ನಕ್ಷೆ ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು. ಒಂದು ತಪ್ಪು ಚೌಕ ಸಿಕ್ಕರೂ ಸಾಕು, ನಮ್ಮ ನಿಜವಾದ ನಕ್ಷೆಯನ್ನೂ ಅಧಿಕಾರಿಗಳು ಪಕ್ಕಕ್ಕೆ ತಳ್ಳುತ್ತಾರೆ.

• ‘ತೈಲವೇ ಬೇಡ’ ಎಂದು ವಾದಿಸಲು ಹೋಗುವುದು ಬೇಡ. ಡೀಸೆಲ್ ಸಬ್ಸಿಡಿ ಪಡೆಯುವವರ ಬಾಯಲ್ಲಿ ಆ ಮಾತು ಒಂದೇ ನಿಮಿಷಕ್ಕೆ ಬೀಳುತ್ತದೆ. ಎಲ್ಲಿ, ಯಾವ ತಿಂಗಳು, ಎಷ್ಟು ದೂರ, ಯಾರ ನಷ್ಟಕ್ಕೆ ಯಾರು ಹಣ ಕಟ್ಟುತ್ತಾರೆ, ಈ ನಾಲ್ಕನ್ನು ಬಿಟ್ಟು ಬೇರೆ ವಾದ ಬೇಡ.

• ಕಂಪನಿಗೆ ಕಾವಲು ದೋಣಿಯಾಗಿ ಬಾಡಿಗೆಗೆ ಹೋಗಲು ಒಬ್ಬೊಬ್ಬರೇ ಒಪ್ಪಬಾರದು. ದಿನದ ಬಾಡಿಗೆ ಒಳ್ಳೆಯದೇ ಇರುತ್ತದೆ, ಮನೆಯ ಕಷ್ಟವೂ ನಮಗೆ ಗೊತ್ತು. ಆದರೆ ಬಂದರನ್ನು ಎರಡು ಪಾಲು ಮಾಡುವ ಮೊದಲ ಹಣ ಅದೇ. ಬಾಡಿಗೆ ಸಂಘದ ಮೂಲಕ ಬರಲಿ, ಸರದಿಯಲ್ಲಿ ಹಂಚಲಿ, ಒಪ್ಪಂದ ಬರಹದಲ್ಲಿರಲಿ.

• ಟ್ರಾಲ್, ಪರ್ಸೀನ್, ನಾಡದೋಣಿ ಜಗಳವನ್ನು ಆಲಿಕೆಯ ವೇದಿಕೆಗೆ ತರುವುದು ಬೇಡ. ಆ ಜಗಳ ನಿಜ, ಅದಕ್ಕೆ ಬೇರೆ ದಿನವಿದೆ. ನಾವು ಕಚ್ಚಾಡಿದ ವಿಡಿಯೊ ಚಿತ್ರೀಕರಣವೇ ಮುಂದೆ ಕಡತದಲ್ಲಿ ಉಳಿಯುತ್ತದೆ.

• ಉದ್ಯೋಗದ ಬಾಯಿಮಾತು ನಂಬುವುದು ಬೇಡ. ರಿಗ್‌ನಲ್ಲಿ ಕೆಲಸ ಮಾಡುವವರು ತರಬೇತಿ ಪಡೆದು ಹೊರಗಿಂದ ಸರದಿಯಲ್ಲಿ ಬರುವವರು. ಎಷ್ಟು ಕೆಲಸ, ಯಾವ ಕೆಲಸ, ಎಷ್ಟು ವರ್ಷ ಎಂದು ಕಾಗದದಲ್ಲಿ ಇಲ್ಲದಿದ್ದರೆ ಆ ಮಾತು ಲೆಕ್ಕಕ್ಕಿಲ್ಲ.

• ಪದಾಧಿಕಾರಿಗಳು ಕಂಪನಿಯವರನ್ನು ಹೋಟೆಲಿನಲ್ಲಿ ಒಂಟಿಯಾಗಿ ಭೇಟಿ ಮಾಡಬಾರದು. ಭೇಟಿ ಸಂಘದ ಕಚೇರಿಯಲ್ಲಿ, ಕನಿಷ್ಠ ಐವರ ಎದುರು, ನಡಾವಳಿ ಸಹಿತ ನಡೆಯಲಿ. ಐವರಲ್ಲಿ ಇಬ್ಬರು ಹೆಂಗಸರಿರಲಿ.

• ಮೂಲ ದಾಖಲೆ ಯಾರ ಕೈಗೂ ಕೊಡಬಾರದು. ವಕೀಲರಿಗೂ ಜೆರಾಕ್ಸ್ ಸಾಕು.

• ಕಡಲಿಗೆ ಬಿದ್ದ ಕಚ್ಚಾ ಎಣ್ಣೆಯನ್ನು ಬರಿಗೈಯಲ್ಲಿ ಮೊಗೆಯಬಾರದು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ತಮಿಳುನಾಡಿನ ಎಣ್ಣೂರು ಅಳಿವೆಗೆ ಎಣ್ಣೆ ಬಂದಾಗ ಮೀನುಗಾರರೇ ಬಕೆಟ್, ಮಗ್ಗು ಹಿಡಿದು ನೀರಿಗಿಳಿದರು. ಆ ಎಣ್ಣೆಯಲ್ಲಿ ಬೆಂಜೀನ್‌ನಂಥ ವಿಷ ಇರುತ್ತದೆ. ಚರ್ಮ ಸುಡುತ್ತದೆ, ಉಸಿರು ಕಟ್ಟುತ್ತದೆ. ಕೈಗವಸು, ಬೂಟು, ಮುಖಕವಚ ಮತ್ತು ಲಿಖಿತ ಕೂಲಿ ಒಪ್ಪಂದ ಸಿಗುವವರೆಗೆ ನೀರಿಗೆ ಇಳಿಯುವುದು ಬೇಡ.

• ಎಣ್ಣೆಯ ಮೇಲೆ ಸೋಪು ಪುಡಿ, ಸೀಮೆಎಣ್ಣೆ ಸುರಿಯುವುದು ಬೇಡ. ಸೋಪು ಎಣ್ಣೆಯನ್ನು ಕೆಳಗೆ, ಮರಿ ಮೀನು ಇರುವಲ್ಲಿಗೆ ತಳ್ಳುತ್ತದೆ.

• ಎಣ್ಣೆ ತಾಗಿದ ಮೀನು ಮಾರಬಾರದು. ತಿನ್ನಬಾರದು. ಒಣಗಿಸಬಾರದು. ಒಂದು ಬುಟ್ಟಿ ಸಿಕ್ಕಿಬಿದ್ದರೆ ಇಡೀ ಬಂದರಿನ ಮೀನಿಗೆ ಗಿರಾಕಿ ಇರುವುದಿಲ್ಲ.

• ನಿಷೇಧಿಸಿದ ವಲಯದಲ್ಲಿ ಮೀನು ಹಿಡಿಯಬಾರದು. ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಸಿಡಿದು 11 ಜನ ಸತ್ತರು, ಬಾವಿ 87 ದಿನ ಉಕ್ಕಿತು. ಒಂದು ಹಂತದಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ವ್ಯಾಪ್ತಿಯ ಕಡಲಿನ ಶೇ 37ರಷ್ಟು ಭಾಗದಲ್ಲಿ ಮೀನುಗಾರಿಕೆ ಬಂದ್ ಆಗಿತ್ತು. ಬಂದ್ ಆದ ದಿನಗಳ ಎಣಿಕೆಯೇ ಪರಿಹಾರದ ಆಧಾರ. ಕದ್ದು ಹೋದ ದಿನ ನಿಮ್ಮ ದಾವೆಯೂ ಹೋಗುತ್ತದೆ.

• ತುರ್ತು ನೆರವಿನ ಹಣವನ್ನು ಪೂರ್ಣ ಪರಿಹಾರ ಎಂದು ಒಪ್ಪಬಾರದು. ಎಣ್ಣೂರಿನಲ್ಲಿ ಹೆಚ್ಚು ಹಾನಿಯಾದ ಕುಟುಂಬಕ್ಕೆ 12,500 ರೂಪಾಯಿ, ದೋಣಿಗೆ 10,000 ಎಂದು ತಮಿಳುನಾಡು ಸರ್ಕಾರ ಘೋಷಿಸಿತು. ಅಂಥ ಹಣ ಬಂದರೆ ತೆಗೆದುಕೊಳ್ಳಿ. ರಸೀದಿಯಲ್ಲಿ ‘ಮಧ್ಯಂತರ ನೆರವು, ಉಳಿದ ಹಕ್ಕು ಕಾಯ್ದಿರಿಸಿದೆ’ ಎಂದು ನಿಮ್ಮ ಕೈಯಾರೆ ಬರೆದು ಸಹಿ ಮಾಡಿ. ಆ ಸಾಲು ಬರೆಯದೆ ಸಹಿ ಬೇಡ.

• ‘ಅಂತಿಮ ಇತ್ಯರ್ಥ’, ‘ಇನ್ನು ಮುಂದೆ ಯಾವುದೇ ಹಕ್ಕೊತ್ತಾಯ ಇಲ್ಲ’ ಎಂಬ ಮಾತಿರುವ ಕಾಗದಕ್ಕೆ ಮೊದಲ ವರ್ಷ ಸಹಿ ಬೇಡ. ಮೆಕ್ಸಿಕೊ ಕೊಲ್ಲಿಯ ದುರಂತದ ನಂತರ ಬಿಪಿ ಕಂಪನಿಯ ಹಣ ಹಂಚುತ್ತಿದ್ದ ವ್ಯವಸ್ಥೆ ವ್ಯಕ್ತಿಗೆ 5,000 ಡಾಲರ್, ವ್ಯಾಪಾರಕ್ಕೆ 25,000 ಡಾಲರ್ ಕೂಡಲೇ ಕೊಡುತ್ತೇವೆ ಎಂದಿತು. ಷರತ್ತು ಒಂದೇ: ಮುಂದೆ ದಾವೆ ಹಾಕುವ ಹಕ್ಕು ಬಿಟ್ಟುಕೊಡಬೇಕು. ಬಾಡಿಗೆ ಕಟ್ಟಲಾಗದೆ, ದೋಣಿಯ ಕಂತು ಕಟ್ಟಲಾಗದೆ ಕುಳಿತವನಿಗೆ ಅಂಥ ಕಾಗದ ಬೇಡ ಎನ್ನುವ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಸಂಘದ ಆಪತ್ತಿನ ನಿಧಿಗೆ ಈ ಋತುವಿನಿಂದಲೇ ಟ್ರಿಪ್‌ಗೆ ಇಷ್ಟೆಂದು ಹಾಕಿ. ಆ ನಿಧಿಯನ್ನು ಬೇರೆ ಯಾವ ಖರ್ಚಿಗೂ ಮುಟ್ಟಬಾರದು.

• ಪರಿಹಾರದ ಪಟ್ಟಿ ಬಂದ ದಿನ ಮಾಲೀಕರ ಹೆಸರು ಮಾತ್ರ ನೋಡಿ ಮನೆಗೆ ಹೋಗಬಾರದು. ಕಲಾಸಿ, ಹೊರ ರಾಜ್ಯದಿಂದ ಬಂದು ದುಡಿಯುವ ಹುಡುಗರು, ಬುಟ್ಟಿ ಹೊರುವ ಹೆಂಗಸರು, ಮೀನು ಒಣಗಿಸುವ ಅಜ್ಜಿಯರು, ಐಸ್ ಒಡೆಯುವವರು, ಎಲ್ಲರ ಹೆಸರನ್ನೂ ಗಟ್ಟಿಯಾಗಿ ಓದಿಸಿ. ಒಂದು ಹೆಸರು ಬಿಟ್ಟಿದ್ದರೂ ಆ ಪಟ್ಟಿಗೆ ಸಂಘದ ಮೊಹರು ಬೇಡ.